ಕರುಳಿನ ದಾರಿ ಹಿಡಿದ ನನ್ನ ಕಲ್ಲಿನ ಕುರಿತು

ಹೊಸಪೇಟೆಯ ಆಸ್ಪತ್ರೆಯೊಂದರ ಆಪರೇಷನ್ ಕೋಣೆಯಲ್ಲಿ ವಿರಾಜಮಾನರಾಗಿರುವ, ಬಾಯಿಂದ ಒಳಹೊಕ್ಕು ಹೊಟ್ಟೆಯ ಗುಟ್ಟನ್ನೆಲ್ಲ ಬಲ್ಲ ಮಾನ್ಯ ಎಂಡೋಸ್ಕೋಪ್ ಕೊಳವೆಯವರೇ, ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕ ಜಡೆಪ್ಪನ ಸಾಷ್ಟಾಂಗ ನಮಸ್ಕಾರಗಳು. ಹೊಲಿಗೆ ಹಾಕಿದ ಜಾಗ ಇನ್ನೂ ಎಳೆಯುವುದರಿಂದ ಸಾಷ್ಟಾಂಗವನ್ನು ಮನಸ್ಸಿನಲ್ಲೇ ಮಾಡಿದ್ದೇನೆ.

ತಮ್ಮ ಉಪಕಾರವನ್ನು ಮರೆಯುವಷ್ಟು ಕೃತಘ್ನ ನಾನಲ್ಲ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ನನ್ನ ಕಣ್ಣು ಅರಿಸಿನದಂತಾಗಿದ್ದಾಗ, ಸರ್ಜನ್ ಸಾಹೇಬರು ಹೊಟ್ಟೆಗೆ ಸಣ್ಣ ತೂತು ಹಾಕಿ ಪಿತ್ತಕೋಶ ತೆಗೆಯುತ್ತಿರುವಾಗಲೇ ತಾವು ಬಾಯಿಯ ಕಡೆಯಿಂದ ಇಳಿದು, ನಾಳದ ಬಾಯಿ ಅಗಲಿಸಿ, ಆ ಕಲ್ಲನ್ನು ಹೊರಗೆಳೆದಿರಿ. ಎರಡು ಸಲ ಮಲಗಬೇಕಾದವನು ಒಂದೇ ನಿದ್ದೆಯಲ್ಲಿ ಪಾರಾದೆ. ಇಷ್ಟು ಹೊಂದಾಣಿಕೆಯಿಂದ ನಮ್ಮ ಅಣ್ಣತಮ್ಮಂದಿರು ಒಂದು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ.

ಆದರೆ ಮಾನ್ಯರೇ, ಎಳೆದ ಕಲ್ಲನ್ನು ತಾವು ಕರುಳಿಗೆ ಬಿಟ್ಟುಬಿಟ್ಟಿರಂತೆ. ಅದು ತನ್ನ ಪಾಡಿಗೆ ತಾನು ಹೋಗುತ್ತದಂತೆ. ನಮ್ಮ ಗಿರಣಿಯಲ್ಲಿ ಅಕ್ಕಿಯಿಂದ ತೆಗೆದ ಕಲ್ಲನ್ನು ತಟ್ಟೆಯಲ್ಲಿಟ್ಟು ಗಿರಾಕಿಗೆ ತೋರಿಸಿದ ಮೇಲೆಯೇ ಚೀಲದ ಬಾಯಿ ಹೊಲಿಯುವುದು. ನನ್ನ ಹೆಂಡತಿ ಸಂಗಮ್ಮ ಮದುವೆಯಾಗಿ ಬಂದಾಗಿನಿಂದ ಈ ಪದ್ಧತಿಯನ್ನು ನೋಡಿಕೊಂಡು ಬಂದವಳು. ಪಿತ್ತಕೋಶದ ಕಲ್ಲುಗಳನ್ನು ಆಸ್ಪತ್ರೆಯವರು ಸೀಸೆಯಲ್ಲಿ ಕೊಟ್ಟಾಗ ಬೆಳಕಿಗೆ ಹಿಡಿದು ನೋಡಿ, "ಇವು ಪಿತ್ತದ ಚೀಲದಾಗ ಇದ್ದವು. ಕಣ್ಣು ಹಳದಿ ಮಾಡಿದ್ದು ಎಲ್ಲೈತ್ರಿ? ಅದನ್ನ ನೋಡೋತನಕ ಮಿರ್ಚಿ ಭಜಿ ಮುಟ್ಟಬ್ಯಾಡ್ರಿ" ಎಂದು ತೀರ್ಪು ಕೊಟ್ಟಳು.

ಅಂದಿನಿಂದ ನನಗೆ ಗಂಜಿಯೇ ಗತಿ. ಕಣ್ಣು ಬೆಳ್ಳಗಾಗಿದೆ, ಹಿತಮಿತವಾಗಿ ಎಲ್ಲವನ್ನೂ ತಿನ್ನಬಹುದೆಂದು ಡಾಕ್ಟರೂ ಹೇಳಿದ್ದಾರೆ. ಆದರೆ ನಮ್ಮ ಮನೆಯಲ್ಲಿ ಡಾಕ್ಟರ ಮಾತು ನಡೆಯುವುದು ಹೊಸ್ತಿಲಿನವರೆಗೆ ಮಾತ್ರ. ಮಂಡಕ್ಕಿ ಒಗ್ಗರಣೆಯ ಜೊತೆ ಮಿರ್ಚಿ ಇಲ್ಲದ ಬೆಳಗು ಕಂಪ್ಲಿಯವನಿಗೆ ಬೆಳಗೇ ಅಲ್ಲವೆಂಬುದು ಇಷ್ಟೆಲ್ಲ ಹೊಟ್ಟೆಗಳನ್ನು ನೋಡಿದ ತಮಗೆ ತಿಳಿಯದ್ದಲ್ಲ. ಆದಕಾರಣ ತಾವು ದಯಮಾಡಿ ಕಂಪ್ಲಿಯ ಚರಂಡಿಗಳನ್ನೆಲ್ಲ ಜಾಲಾಡಿ ಆ ಕಲ್ಲನ್ನು ತಂದು ಸಂಗಮ್ಮನ ಕೈಗೊಪ್ಪಿಸಬೇಕು. ಅದು ಆಗದಿದ್ದಲ್ಲಿ ಖುದ್ದಾಗಿ ಬಸ್ಸು ಹತ್ತಿ ಬಂದು, ನಮ್ಮ ಪಡಸಾಲೆಯಲ್ಲಿ ಕುಳಿತು, ನಾಳದಲ್ಲಿ ಏನೂ ಉಳಿದಿಲ್ಲವೆಂದು ವಿರೂಪಾಕ್ಷನ ಮೇಲೆ ಆಣೆ ಮಾಡಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಹಸಿದಿರುವ ತಮ್ಮ ವಿಶ್ವಾಸಿ,
ಜಡೆಪ್ಪ, ಕಂಪ್ಲಿ

ವಿ.ಸೂ.: ಈ ಪತ್ರವನ್ನು ಸಂಗಮ್ಮನಿಗೆ ಓದಿ ಹೇಳಿದೆ. ನಗಲಿಲ್ಲ. "ನೀವು ಒಳಗ ನಿದ್ದಿ ಮಾಡಿದ್ರಿ. ಬಾಗಿಲ ಹೊರಗ ಕುಂತಾಕಿ ನಾನು" ಎಂದು ನನಗೆ ಗಂಜಿ ಹಾಕಿ, ತಾನೂ ಅದನ್ನೇ ಬಡಿಸಿಕೊಂಡಳು. ಮಲಗಿದವರ ಹೊಟ್ಟೆಯಿಂದ ಕಲ್ಲು ತೆಗೆಯುವ ತಮಗೆ, ಹೊರಗೆ ಕುಳಿತವರ ಎದೆಯಿಂದ ಹೆದರಿಕೆ ತೆಗೆಯುವುದನ್ನು ಯಾರೂ ಕಲಿಸಿಲ್ಲವೆಂದು ಕಾಣುತ್ತದೆ. ಕಲಿಯುವವರೆಗೆ ನನಗೆ ಗಂಜಿಯೇ ಇರಲಿ.