ಕೊಟ್ಟಿಗೆ ಕ್ಯಾಮೆರಾಕ್ಕೆ ನಾನು ಬರೆದ ಸುತ್ತೋಲೆ

ನಲವತ್ತು ವರ್ಷ ಟೀ ಫ್ಯಾಕ್ಟರಿಯಲ್ಲಿ ಮೇಲ್ವಿಚಾರಕನಾಗಿದ್ದವನು ನಾನು. ಬೆಟ್ಟದಾಚೆ ಕುಳಿತು ಒಂದು ಹಸುವನ್ನು ಕಾಯುವುದು ನನಗೆ ದೊಡ್ಡ ಕೆಲಸವೆನಿಸಲಿಲ್ಲ!

ಮಂಜೂರಿನಲ್ಲಿ ನನ್ನ ಹೆಂಡತಿ ಮಾದಿಯ ಅಣ್ಣನ ಮಗಳ ಮದುವೆ. ನಡುವಟ್ಟಂನ ನಮ್ಮ ಕೊಟ್ಟಿಗೆಯಲ್ಲಿ ಹಸು ದಿನ ತುಂಬಿ ನಿಂತಿತ್ತು. ಹೋದ ಸಲದ ಕರು ಉಳಿದಿರಲಿಲ್ಲ.

"ಇದನ್ನ ಬಿಟ್ಟು ನಾ ಬರಲ್ಲ," ಎಂದಳು ಮಾದಿ.

"ಕ್ಯಾಮೆರಾ ಹಾಕಿಸಿದ್ದೇನೆ. ಅಲ್ಲಿಂದಲೇ ಫೋನಿನಲ್ಲಿ ತೋರಿಸುತ್ತೇನೆ. ಜವಾಬ್ದಾರಿ ನನ್ನದು!"

"ಕಾಣದೆ ಹೋದ್ರೆ ಸಂಜೆಯೇ ವಾಪಸ್. ಮುಹೂರ್ತಕ್ಕೆ ನೀವೊಬ್ಬರೇ ನಿಂತ್ಕೊಳ್ಳಿ."

ಒಂದೇ ತೊಡಕು. ಮನೆಯ ಇಂಟರ್‌ನೆಟ್ಟಿಗೆ ಐಪಿ ವಿಳಾಸವೆಂಬ ಉದ್ದನೆಯ ನಂಬರ್ ಇರುತ್ತದೆ. ಅದನ್ನು ಫೋನಿನಲ್ಲಿ ಒತ್ತಿದರೆ ನಮ್ಮ ಕ್ಯಾಮೆರಾ ಕಾಣುತ್ತದೆ. ಆದರೆ ಆ ನಂಬರ್ ಆಗಾಗ ಬದಲಾಗುತ್ತದೆ. ದೂರದಲ್ಲಿರುವವನಿಗೆ ಅದು ತಿಳಿಯುವುದು ಹೇಗೆ?

ನಾನು ಆರು ಕಲಮುಗಳ ಸುತ್ತೋಲೆ ಹೊರಡಿಸಿದೆ. ಹಸುವನ್ನು ನೋಡಿಕೊಳ್ಳುವ ಪಕ್ಕದ ಮನೆಯ ನಂಜನ್ ಗಂಟೆಗೊಮ್ಮೆ ನಮ್ಮ ಕಂಪ್ಯೂಟರಿನಲ್ಲಿ ನಂಬರ್ ನೋಡಿ ನನಗೆ ಫೋನ್ ಮಾಡತಕ್ಕದ್ದು. ಕೂಡಲೇ ರೂಟರ್ ಆರಿಸಿ, ಐದು ನಿಮಿಷ ಬಿಟ್ಟು ಹಾಕತಕ್ಕದ್ದು. ಫ್ಯಾಕ್ಟರಿಯಲ್ಲಿ ಎಲೆ ಅರೆಯುವ ಯಂತ್ರಕ್ಕೂ ಸರದಿ ಮುಗಿದೊಡನೆ ವಿಶ್ರಾಂತಿ ಕೊಡುತ್ತಿದ್ದೆವು. ಯಂತ್ರವೆಂದ ಮೇಲೆ ಯಂತ್ರ!

ಮದುವೆಯ ಹಿಂದಿನ ದಿನ ಮಂಜೂರು ತಲುಪಿದೆವು. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ನಂಜನ್ ಫೋನಿನಲ್ಲಿ ನಂಬರ್ ಓದಿದ. ಒತ್ತಿದೆ. ಪರದೆ ಕಪ್ಪು. ಒಂದು ಗಂಟೆಗೆ ಬೇರೆ ನಂಬರ್. ಕಪ್ಪು. ಎರಡಕ್ಕೆ ಮತ್ತೊಂದು. ಅದೂ ಕಪ್ಪು! ನಂಬರ್ ಬದಲಾದದ್ದನ್ನು ನಾನು ಕರಾರುವಾಕ್ಕಾಗಿ ಪತ್ತೆ ಹಚ್ಚುತ್ತಿದ್ದೆ. ಪತ್ತೆಯಾಗದೆ ಉಳಿದದ್ದು ಹಸು ಮಾತ್ರ.

"ಇಂಟರ್‌ನೆಟ್ ಕಂಪನಿಗೆ ನನ್ನ ಮೇಲೇ ಹಗೆ!" ಎಂದು ಊಟದ ಪಂಕ್ತಿಯಲ್ಲಿ ಘೋಷಿಸಿದೆ. ಮಾದಿ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಅರಿಸಿನ ಹಚ್ಚಿಸಿಕೊಳ್ಳುತ್ತಿದ್ದ ಮದುಮಗಳು ಅಲ್ಲಿಂದಲೇ ಕೇಳಿದಳು. "ಮಾಮ, ರೂಟರ್ ಆಫ್ ಮಾಡಿಸ್ತಿದ್ದೀರಾ?"

"ಗಂಟೆಗೊಮ್ಮೆ. ನಿಯಮದ ಪ್ರಕಾರ."

"ಅಯ್ಯೋ! ಆಫ್ ಮಾಡಿ ಹಾಕಿದಾಗಲೆಲ್ಲ ಹೊಸ ನಂಬರ್ ಬರ್ತಿದೆ. ಕಂಪನಿ ಪಾಪ ಏನೂ ಮಾಡ್ತಿಲ್ಲ ಮಾಮ, ಬದಲಾಯಿಸ್ತಿರೋದು ನೀವೇ!"

ಪಂಕ್ತಿಯಿಡೀ ನಕ್ಕಿತು. ಜನ್ಮದಲ್ಲೇ ಮೊದಲ ಬಾರಿಗೆ ನಾನು ನಿಗದಿತ ವೇಳೆಗೆ ಮುಂಚೆ ಫೋನ್ ಮಾಡಿದೆ.

"ನಂಜಾ, ರೂಟರ್ ಮುಟ್ಟಬೇಡ! ಹಸು ಹೇಗಿದೆ?"

"ಕರು ಹಾಕಿ ಗಂಟೆ ಆಯ್ತಣ್ಣ. ಹೆಣ್ಣು ಕರು. ಎದ್ದು ಹಾಲು ಕುಡೀತಿದೆ."

"ಎರಡು ಗಂಟೆಗೆ ಫೋನ್ ಮಾಡಿದಾಗ ಹೇಳಬಾರದಿತ್ತೇ?"

"ನಂಬರ್ ಬಿಟ್ಟು ಬೇರೆ ಮಾತಾಡಬಾರದು ಅಂತ ಆರನೇ ಕಲಮಲ್ಲಿ ನೀವೇ ಬರ್ದಿದ್ದೀರಲ್ಲಣ್ಣ!"

ಮಾದಿ ಫೋನ್ ಕಿತ್ತುಕೊಂಡಳು. "ನಂಜಾ, ವಿಡಿಯೋ ಕಾಲ್ ಮಾಡಿ ಕರು ತೋರಿಸಪ್ಪ."

ಅರ್ಧ ನಿಮಿಷದಲ್ಲಿ ಕರು ಕಂಡಿತು! ಮಾದಿಗೆ, ಅವಳ ಅತ್ತಿಗೆಗೆ, ಅರಿಸಿನದ ಮುಖದ ಮದುಮಗಳಿಗೆ, ಸೌಟು ಹಿಡಿದೇ ಓಡಿಬಂದ ಅಡುಗೆಯವರಿಗೆ. ಮಾದಿ ಕಣ್ಣೊರೆಸಿಕೊಂಡು ನಕ್ಕಳು. ನಾನೂ ಹಿಂದಿನಿಂದ ತುದಿಗಾಲಲ್ಲಿ ನಿಂತು ಇಣುಕಿದೆ. ಕಂಡದ್ದು ಮಲ್ಲಿಗೆ ಮುಡಿದ ಆರು ತುರುಬು.

"ಸ್ವಲ್ಪ ಸರಿಯಿರಿ, ವ್ಯವಸ್ಥೆ ಮಾಡಿದವನು ನಾನು!" ಎಂದೆ.

ಒಬ್ಬರೂ ಸರಿಯಲಿಲ್ಲ.