ಐದು ಕಾಲಿನ ಕುದುರೆಗೆ ಒಂದೇ ಸ್ಟಾರ್

ಆ ದಿನದ ಎಡವಟ್ಟಿಗೆಲ್ಲ ಮೂಲ ಒಂದು ಮೇಲ್. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಯಾರೋ ಗಿರಾಕಿ ಬರೆದಿದ್ದ.

‘ಮಗಳ ಹುಟ್ಟುಹಬ್ಬಕ್ಕೆ ಅಂತ ನಿಮ್ಮಲ್ಲಿ “ವೀರಾಶ್ವ” ಅನ್ನೋ ಆಟ ಕೊಂಡೆ. ಕುದುರೆ ಮುಂದಕ್ಕೆ ಓಡು ಅಂದರೆ ಹಿಂದಕ್ಕೆ ಓಡುತ್ತದೆ. ಸವಾರ ಕುದುರೆಯ ಮೇಲೆ ಕೂರುವುದು ಬಿಟ್ಟು ಅದಕ್ಕಿಂತ ಒಂದು ಗೇಣು ಮೇಲೆ ಗಾಳಿಯಲ್ಲಿ ಕೂತಿದ್ದಾನೆ. ಮಗಳು ಒಂದು ಗಂಟೆ ಅತ್ತಳು. ಇದು ಕೆಟ್ಟ ಆಟ ಅಂತ ನಿಮಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಯಾಕೆ ಮಾರುತ್ತೀರಿ?’

ಗೊತ್ತಿತ್ತು. ಗೊತ್ತಿದ್ದವನು ಒಬ್ಬನೇ. ಕಂಪ್ಯೂಟರ್ ಆಟಗಳನ್ನು ಇಂಟರ್‌ನೆಟ್ಟಿನಲ್ಲಿ ಮಾರುವ ಆ ಕಂಪನಿಯಲ್ಲಿ ಹಳೆಯ ಆಟಗಳ ವಿಭಾಗ ಅಂತ ಒಂದಿತ್ತು. ವಿಭಾಗಕ್ಕೆ ಮುಖ್ಯಸ್ಥನೂ ಅವನೇ, ಗುಮಾಸ್ತನೂ ಅವನೇ, ಬೆಳಿಗ್ಗೆ ಮೇಜು ಒರೆಸಿಕೊಳ್ಳುವವನೂ ಅವನೇ. ಹದಿನಾರು ವರ್ಷದಿಂದ ಜೆರಾಕ್ಸ್ ಮಿಷಿನ್ನಿಗೂ ಟಾಯ್ಲೆಟ್ಟಿನ ಬಾಗಿಲಿಗೂ ನಡುವೆ ಕೂತು ಕೂತು, ಆಫೀಸಿನವರ ಬಾಯಲ್ಲಿ ಅವನ ಹೆಸರೇ ‘ಹಳೇಸಾಮಾನು’ ಅಂತಾಗಿತ್ತು. ಎದುರಿಗೇ ಹಾಗೆ ಕರೆದರೂ ಅವನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ಶಕ್ತಿ ಬೇಕಲ್ಲ.

ಗಿರಾಕಿ ಆ ಮೇಲನ್ನು ಮ್ಯಾನೇಜರ್ ಮೇಡಂಗೂ ಕಳಿಸಿದ್ದ. ಒಂಬತ್ತೂವರೆಗೆ ಕರೆ ಬಂತು.

“ಈ ವೀರಾಶ್ವ ಏನ್ರೀ ಇದು?” ಮೇಡಂ ತಮ್ಮ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. ಪರದೆಯ ಮೇಲೆ ಗಿರಾಕಿಗಳ ಅಭಿಪ್ರಾಯಗಳ ಸಾಲು. ಮೇಲೇ ಒಂದು: ‘ಕುದುರೆಗೆ ಐದು ಕಾಲಿದೆ, ಆಟಕ್ಕೆ ಒಂದು ಸ್ಟಾರ್ ಕೊಟ್ಟಿದ್ದೇನೆ. ಅದೂ ಬೇರೆ ದಾರಿ ಇಲ್ಲದೆ.’

“ಹಳೇದು ಮೇಡಂ. ಹತ್ತೊಂಬತ್ತು ವರ್ಷದ್ದು.”

“ಹಳೇದಾದ್ರೆ ಹಳಸಿರಬೇಕು ಅಂತೇನಿಲ್ವಲ್ಲ. ಇಂಥವು ಎಷ್ಟಿವೆ?”

“ಒಂದೇ ಸ್ಟಾರಿನವು ಮೂವತ್ತೇಳು.”

“ಸಂಜೆಯೊಳಗೆ ಅಷ್ಟೂ ತೆಗೆದುಬಿಡಿ. ಮಾನ ಹೋಗ್ತಿದೆ.”

ತೆಗೆಯುವುದೇನು ಸುಲಭವೇ? ಒಂದೊಂದು ಆಟಕ್ಕೂ ಒಂದೊಂದು ಫಾರಂ. ‘ತೆಗೆಯಲು ಕಾರಣ’ ಅನ್ನುವ ಜಾಗದಲ್ಲಿ ಅವನು ‘ಚೆನ್ನಾಗಿಲ್ಲ’ ಅಂತ ಬರೆದ. ಕಾರಣ ಸಾಲದು ಅಂತ ಕಂಪ್ಯೂಟರ್ ಕೆಂಪಗಾಯಿತು. ‘ಸ್ವಲ್ಪವೂ ಚೆನ್ನಾಗಿಲ್ಲ’ ಅಂದ. ಆಗಲೂ ಒಪ್ಪಲಿಲ್ಲ. ‘ಯಾವ ದಿಕ್ಕಿನಿಂದ ನೋಡಿದರೂ ಸ್ವಲ್ಪವೂ ಚೆನ್ನಾಗಿಲ್ಲ’ ಅಂದಾಗ ಸಮಾಧಾನವಾಯಿತು. ಹೀಗೆ ಕಬ್ಬಿಣದ ಕಡಲೆ ಅಗಿಯುತ್ತ ಅಗಿಯುತ್ತ ಹನ್ನೊಂದೂವರೆಗೆ ಮೂವತ್ತಾರು ಆಟ ತೆಗೆದ. ವೀರಾಶ್ವ ಒಂದು ಉಳಿದಿತ್ತು. ಬೆರಳು ಗುಂಡಿಯ ಮೇಲಿತ್ತು.

“ಏನಪ್ಪಾ, ಕೂತ ಕೊಂಬೆ ಕಡೀತಿದ್ದೀಯಾ?”

ತಿರುಗಿ ನೋಡಿದರೆ ದೂರು ವಿಭಾಗದ ಅಕ್ಕ. ದಿನವಿಡೀ ಗಿರಾಕಿಗಳ ಬೈಗುಳ ಕೇಳುವ ಕೆಲಸ ಅವಳದು. ಹಾಗಾಗಿ ಬೇರೆಯವರ ಕಷ್ಟ ಕಂಡರೆ ಅವಳಿಗೆ ಒಂದು ಥರದ ಆರಾಮ.

“ಕೊಂಬೆ ಯಾವುದಕ್ಕಾ?”

“ಹಳೇ ಆಟಗಳನ್ನೆಲ್ಲ ತೆಗೆದ ಮೇಲೆ ಹಳೇ ಆಟಗಳ ವಿಭಾಗ ಯಾಕೆ ಬೇಕು? ವಿಭಾಗವೇ ಇಲ್ಲ ಅಂದ್ಮೇಲೆ ನೀನ್ಯಾಕೆ ಬೇಕು?” ಅಂದವಳು ಟೀ ಲೋಟ ಹಿಡಿದು ಹೊರಟೇ ಹೋದಳು. ಬೆಂಕಿ ಹಚ್ಚಿದವರು ಮೈ ಕಾಯಿಸಿಕೊಳ್ಳುತ್ತ ನಿಲ್ಲುವುದಿಲ್ಲ.

ಹಳೇಸಾಮಾನಿಗೆ ಬೆವರು ಕಿತ್ತುಕೊಂಡು ಬಂತು. ವಯಸ್ಸು ನಲವತ್ತೆಂಟು. ಕೆಟ್ಟ ಆಟಗಳ ಲೆಕ್ಕ ಇಡುವುದು ಬಿಟ್ಟು ಬೇರೆ ವಿದ್ಯೆ ಇಲ್ಲ. ಬೆರಳನ್ನು ಗುಂಡಿಯಿಂದ ಎತ್ತಿ ಸೀದಾ ಮೇಡಂ ಕೋಣೆಗೆ ನಡೆದ.

“ಮೇಡಂ, ಇದೊಂದು ಇರಲಿ.”

“ಯಾಕಿರಬೇಕು? ಹೋಟೆಲಿನವರು ಹಳಸಿದ್ದನ್ನ ಮಾರ್ತಾರಾ?”

“ಲೈಬ್ರರಿಯಲ್ಲಿ ಕೆಟ್ಟ ಪುಸ್ತಕ ಇರಲ್ವಾ ಮೇಡಂ? ಓದೋರು ಓದ್ತಾರೆ.”

“ಲೈಬ್ರರಿಯವರು ದುಡ್ಡು ಕೇಳಲ್ಲ.”

“ಹಾಗಾದ್ರೆ ಕೆಟ್ಟದ್ದು ಅಂತ ಮೊದಲೇ ಬರೆದು ಮಾರೋಣ. ಗೊತ್ತಿದ್ದು ಕೊಂಡೋರು ಬೈಯಲ್ಲ. ಒಬ್ಬರಿಗೆ ಕಸ, ಇನ್ನೊಬ್ಬರಿಗೆ ರಸ.”

ಹದಿನಾರು ವರ್ಷದಲ್ಲಿ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಮೊದಲ ಸಲ. ಮೇಡಂ ಏನೋ ಹೇಳಲು ಬಾಯಿ ತೆಗೆದರು. ಅಷ್ಟರಲ್ಲಿ ಬಾಗಿಲ ಹೊರಗೆ ಕಿವಿಯಾನಿಸಿ ನಿಂತಿದ್ದ ಪ್ರಚಾರ ವಿಭಾಗದವನು ಒಳಗೇ ನುಗ್ಗಿದ. ಇವನಿಗೆ ಆಫೀಸಿನಲ್ಲಿ ‘ಡಂಗುರ’ ಅಂತ ಹೆಸರು. ಗುಟ್ಟು ಹೇಳಿದರೂ ಬೀದಿಗೆ ಕೇಳಿಸುವ ಕಂಠ.

“ಮೇಡಂ, ಬರೆಯೋದೇ ಆದ್ರೆ ದೊಡ್ಡದಾಗಿ ಬರೆಯೋಣ! ‘ಲೋಕದಲ್ಲೇ ಅತಿ ಕೆಟ್ಟ ಆಟ, ಧೈರ್ಯ ಇದ್ದರೆ ಆಡಿ!’ ನನಗೆ ಬಿಡಿ.”

ಮೇಡಂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಡಂಗುರನಿಗೆ ಅಷ್ಟು ಸಾಕಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ವೀರಾಶ್ವ ಕಾಡ್ಗಿಚ್ಚಿನ ಹಾಗೆ ಹಬ್ಬಿತ್ತು. ಹತ್ತೊಂಬತ್ತು ವರ್ಷದಲ್ಲಿ ಮಾರಾಟವಾಗಿದ್ದಕ್ಕಿಂತ ಹೆಚ್ಚು ಎರಡೇ ಗಂಟೆಯಲ್ಲಿ ಮಾರಾಟವಾಯಿತು. ಹಿಂದಕ್ಕೆ ಓಡುವ ಕುದುರೆಯ ವಿಡಿಯೋ ಫೋನಿನಿಂದ ಫೋನಿಗೆ ಓಡಾಡಿತು. ಹಳೇಸಾಮಾನು ಡಬ್ಬಿ ಬಿಚ್ಚುವಷ್ಟರಲ್ಲಿ ಹೆಂಡತಿಯ ಕರೆ.

“ರೀ, ಒಂದು ಕುದುರೆ ಬಂದಿದೆ ನೋಡಿದ್ರಾ? ನಾನೂ ಪಕ್ಕದ್ಮನೆಯವರೂ ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡ್ವಿ. ಇಂಥದ್ದನ್ನ ಯಾವ ಪುಣ್ಯಾತ್ಮ ಮಾರ್ತಾನೋ!”

“ನಾನೇ ಕಣೆ.”

“ಪಕ್ಕದ್ಮನೆಯವರಿಗೆ ಹೇಳಲ್ಲ ಬಿಡಿ” ಅಂದು ಫೋನಿಟ್ಟಳು.

ಎರಡು ಗಂಟೆಗೆ ದೂರಿನಕ್ಕ ಓಡಿ ಬಂದಳು. ದೂರುಗಳು ಹೆಚ್ಚಾಗಿದ್ದವು, ಆದರೆ ದೂರಿನ ಧಾಟಿಯೇ ಬೇರೆಯಾಗಿತ್ತು. “ಒಬ್ಬ ಹೇಳ್ತಾನೆ, ಇಷ್ಟೇನಾ ಕೆಟ್ಟದ್ದು, ಇನ್ನೂ ಕೆಟ್ಟದಾಗಿರುತ್ತೆ ಅಂದ್ಕೊಂಡಿದ್ದೆ ಅಂತ. ಇನ್ನೊಬ್ಬನ ಕುದುರೆ ಹೇಗೋ ಒಂದು ಸಲ ಮುಂದಕ್ಕೆ ಓಡಿಬಿಟ್ಟಿದೆಯಂತೆ. ಮೋಸ ಅಂತ ಕೂಗಾಡ್ತಿದ್ದಾನೆ. ಏನು ಹೇಳ್ಲಿ?”

“ಕ್ಷಮೆ ಕೇಳಕ್ಕಾ,” ಅಂದ ಹಳೇಸಾಮಾನು. ಅವನಿಗೆ ಊಟ ಮುಗಿಸಬೇಕಿತ್ತು.

ಮೇಡಂ ಮಾತ್ರ ನಗುತ್ತ ಅವನ ಮೇಜಿನ ತನಕ ಬಂದರು. ಮ್ಯಾನೇಜರು ಟಾಯ್ಲೆಟ್ಟಿಗೆ ಹೋಗುವ ದಾರಿಯಲ್ಲಲ್ಲದೆ ಅಲ್ಲಿ ನಿಂತಿದ್ದು ಇತಿಹಾಸದಲ್ಲೇ ಇರಲಿಲ್ಲ. “ನೀವು ಹೇಳಿದ್ದು ಸರಿ ಕಣ್ರೀ. ಆ ಮೂವತ್ತಾರನ್ನೂ ವಾಪಸ್ ಹಾಕಿ. ‘ಕೆಟ್ಟ ಆಟಗಳ ವಿಭಾಗ’ ಅಂತಲೇ ಮಾಡೋಣ. ಮುಖ್ಯಸ್ಥರು ನೀವೇ.”

ಬದುಕಿದೆಯಾ ಬಡಜೀವವೇ ಅಂತ ಅವನು ಕುರ್ಚಿಗೊರಗಿದ. ಮೂವತ್ತಾರು ಫಾರಂ ಮತ್ತೆ ತುಂಬಬೇಕು, ನಿಜ. ಆದರೆ ಕೊಂಬೆ ಉಳಿಯಿತು.

ಮೂರೂವರೆಗೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಒಬ್ಬರು ಬಂದರು. ಎಪ್ಪತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಹೆಗಲಲ್ಲಿ ಬಟ್ಟೆಯ ಚೀಲ. “ಹಳೆ ಆಟ ನೋಡ್ಕೊಳ್ಳೋರು ಯಾರಪ್ಪಾ?” ಅಂದರು. ಇಡೀ ಆಫೀಸು ಒಟ್ಟಿಗೆ ಟಾಯ್ಲೆಟ್ಟಿನ ಕಡೆ ಬೆರಳು ತೋರಿಸಿತು.

ಬಂದವರು ಹಳೇಸಾಮಾನಿನ ಎದುರು ಕುರ್ಚಿಯ ತುದಿಯಲ್ಲಿ ಕೂತರು. “ನಾನು ರಿಟೈರಾದ ಲೆಕ್ಕದ ಮೇಷ್ಟ್ರು. ವೀರಾಶ್ವ ಮಾಡಿದ್ದು ನಾನೇ.”

ಹಳೇಸಾಮಾನು ಎದ್ದು ನಿಂತ. ದುಡ್ಡು ಕೇಳಲು ಬಂದಿರಬೇಕು, ಇಲ್ಲವೇ ಆಟ ತೆಗೆಯಬೇಡಿ ಅಂತ ಬೇಡಿಕೊಳ್ಳಲು.

“ದಯವಿಟ್ಟು ಅದನ್ನ ತೆಗೆದುಬಿಡಿ,” ಅಂದರು ಮೇಷ್ಟ್ರು.

“ತೆಗೆಯೋದಾ?”

“ಒಂದು ಬೇಸಿಗೆ ರಜದಲ್ಲಿ, ಪುಸ್ತಕ ನೋಡ್ಕೊಂಡು ಕಲ್ತು ಮಾಡಿದ್ದು. ಕುದುರೆ ಚಿತ್ರ ನನ್ನ ಹೆಂಡತಿ ಬರೆದದ್ದು. ಬಾಲ ಕಾಲಿನ ಥರ ಆಯ್ತು ಅಂತ ಅವಳಿಗೂ ಗೊತ್ತಿತ್ತು. ಚೆನ್ನಾಗಿದೆ ಅಂತ ನಾನೇ ಹೇಳಿಬಿಟ್ಟೆ, ಅವಳ ಮುಖ ನೋಡಿ. ಈಗ ಅವಳಿಲ್ಲ.” ಸ್ವಲ್ಪ ಹೊತ್ತು ಚೀಲದ ಹಿಡಿ ತಿರುವಿದರು. “ಇವತ್ತು ಮಧ್ಯಾಹ್ನ ಪಾಠಕ್ಕೆ ಹೋದೆ. ಮನೆಪಾಠ ಹೇಳ್ತೀನಿ, ಇಪ್ಪತ್ತು ಮಕ್ಕಳು. ಆಟದ ಶುರುವಿಗೇ ನನ್ನ ಹೆಸರು ಬರುತ್ತಲ್ಲ, ಬಾಗಿಲೊಳಗೆ ಕಾಲಿಡ್ತಿದ್ದ ಹಾಗೆ ಇಪ್ಪತ್ತೂ ಮಕ್ಕಳು ಕುದುರೆ ಥರ ಕೆನೆದ್ರು. ಒಬ್ಬ ಅಂತೂ ಹಿಂದಕ್ಕೆ ನಡ್ಕೊಂಡೇ ಬಂದು ಹೋಂವರ್ಕ್ ಕೊಟ್ಟ.”

ನಗು ಬರಬೇಕಿತ್ತು, ಬರಲಿಲ್ಲ. ಹದಿನಾರು ವರ್ಷದಿಂದ ಅವನು ಮಾರುತ್ತಿದ್ದ ಆಟಗಳ ಹಿಂದೆ ಒಬ್ಬೊಬ್ಬ ಮನುಷ್ಯ ಇದ್ದಾನೆ ಅಂತ ಅವನಿಗೆ ಹೊಳೆದೇ ಇರಲಿಲ್ಲ. ನಿಯಮದ ಪುಸ್ತಕ ತೆಗೆದು ನೋಡಿದ. ಆಟ ಮಾಡಿದವರು ಬರೆದು ಕೇಳಿದರೆ ತೆಗೆಯಬಹುದು, ವಿಭಾಗದ ಮುಖ್ಯಸ್ಥರ ಸಹಿ ಸಾಕು ಅಂತಿತ್ತು. ಮುಖ್ಯಸ್ಥ ಅಂದರೆ ತಾನೇ. ತನಗೆ ಇಷ್ಟೊಂದು ಅಧಿಕಾರ ಇದೆ ಅಂತ ಅವನಿಗೆ ಗೊತ್ತಾದದ್ದೂ ಅವತ್ತೇ.

ಸಹಿ ಹಾಕಿದರೆ ಕೆಲಸ ಹೋದೀತು. ಹಾಕದಿದ್ದರೆ ನಾಳೆಯೂ ಇಪ್ಪತ್ತು ಮಕ್ಕಳು ಕೆನೆಯುತ್ತಾರೆ.

“ಕೊಡಿ ಮೇಷ್ಟ್ರೇ, ಅರ್ಜಿ ಬರೆದುಕೊಡಿ,” ಅಂದ. ಮೇಷ್ಟ್ರು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟರು. ಅವನು ಸಹಿ ಹಾಕಿ ಗುಂಡಿ ಒತ್ತಿದ. ವೀರಾಶ್ವ ಅಂಗಡಿಯಿಂದ ಮಾಯವಾಯಿತು. ಎಷ್ಟೋ ದಿನಕ್ಕೆ ಅವನ ಎದೆ ಹಗುರಾಯಿತು, ಮೂಟೆ ಇಳಿಸಿದ ಹಾಗೆ.

ಅರೆ ನಿಮಿಷವೂ ಆಗಿರಲಿಲ್ಲ, ಡಂಗುರ ಕೂಗಿದ. “ಕುದುರೆ ಎಲ್ಲಿ? ಕುದುರೆ ಎಲ್ಲಿ ಹೋಯ್ತು?” ಹಿಂದೆಯೇ ಮೇಡಂ, ಮೇಡಂ ಹಿಂದೆ ನೋಡುವ ಆಸೆಗೆ ದೂರಿನಕ್ಕ.

“ಏನ್ರೀ ಮಾಡಿದ್ರಿ? ಗೆಲ್ಲೋ ಕುದುರೇನ ಓಟದ ಮಧ್ಯೆ ಲಾಯಕ್ಕೆ ಕಟ್ಟೋರುಂಟಾ? ಬೆಳಿಗ್ಗೆ ತೆಗೀರಿ ಅಂದ್ರೆ ಇರಲಿ ಅಂದ್ರಿ, ಈಗ ಇರಲಿ ಅಂದ್ರೆ ತೆಗೆದ್ರಿ! ನಾಳೆಯಿಂದ ನಿಮ್ಮ ವಿಭಾಗಕ್ಕೆ ಬೀಗ!”

“ಆಗಲಿ ಮೇಡಂ,” ಅಂದ ಹಳೇಸಾಮಾನು. ದನಿಯಲ್ಲಿ ಬೇಸರವೂ ಇರಲಿಲ್ಲ, ಭಯವೂ ಇರಲಿಲ್ಲ. ಮನೆಗೆ ಹೋಗಿ ಮಲಗಿದರೆ ಸಾಕು ಅನ್ನಿಸಿತ್ತು.

“ಅವರನ್ನ ಬೈಬೇಡಿಮ್ಮಾ,” ಮೇಷ್ಟ್ರು ಎದ್ದು ನಿಂತರು. “ದೇವರಂಥ ಮನುಷ್ಯ. ಮೂರು ಸಲ ಬರೆದಿದ್ದೆ ನಿಮ್ಮ ಕಂಪನಿಗೆ. ಮೂರು ಸಲವೂ ಒಂದೇ ಉತ್ತರ, ‘ನಿಮ್ಮ ಮೊದಲನೇ ಆಟ ಒಂದು ಸ್ಟಾರಿನದು, ಅದು ಅಂಗಡಿಯಲ್ಲಿರೋ ತನಕ ನಿಮ್ಮಿಂದ ಹೊಸ ಆಟ ತಗೊಳ್ಳೋಕಾಗಲ್ಲ’ ಅಂತ. ಇವತ್ತು ಇವರ ದಯದಿಂದ ದಾರಿ ಸುಗಮ ಆಯ್ತು.”

ಅನ್ನುತ್ತ ಬಟ್ಟೆಯ ಚೀಲದೊಳಗೆ ಕೈ ಹಾಕಿ, ಮಡಿಸಿದ ಕರವಸ್ತ್ರದೊಳಗಿಂದ ಒಂದು ಪೆನ್ ಡ್ರೈವ್ ತೆಗೆದರು.

“ವೀರಾಶ್ವ, ಎರಡನೇ ಭಾಗ.”

ಮೊದಲು ಚೇತರಿಸಿಕೊಂಡವನು ಡಂಗುರ. “ಮೇಡಂ!” ಅಂದ. ಅವನ ಕಣ್ಣಲ್ಲಿ ಆಗಲೇ ಬ್ಯಾನರ್ ಹಾರಾಡುತ್ತಿತ್ತು.

ಮೇಡಂ ಮುಖ ಹೂವಿನ ಹಾಗೆ ಅರಳಿತು. “ಕೂತ್ಕೊಳ್ಳಿ ಮೇಷ್ಟ್ರೇ, ಕೂತ್ಕೊಳ್ಳಿ. ಅಕ್ಕಾ, ಟೀ ತರಿಸಿ. ಹೊಸ ಆಟಕ್ಕೆ ಐದು ವರ್ಷದ ಒಪ್ಪಂದ. ಮಧ್ಯೆ ಯಾರು ಕೇಳಿದ್ರೂ ತೆಗೆಯೋ ಹಾಗಿಲ್ಲ, ನೀವು ಕೇಳಿದ್ರೂನು.” ಆಮೇಲೆ ಹಳೇಸಾಮಾನಿನ ಕಡೆ ತಿರುಗಿದರು. “ಬೀಗದ ಮಾತು ಮರೀರಿ. ಹೊಸ ಆಟ ಅಂದ್ಮೇಲೆ ನಮ್ಮವರೊಬ್ಬರು ಆಡಿ ನೋಡಿ ಶಿಫಾರಸು ಮಾಡಬೇಕು. ನೀವೇ ಆಡಿ. ಈಗಲೇ.”

ಮೇಷ್ಟ್ರು ಕುರ್ಚಿ ಎಳೆದು ಅವನ ಪಕ್ಕಕ್ಕೇ ಹಾಕಿಕೊಂಡರು. “ನಿಧಾನವಾಗಿ ಆಡಿ. ಅವಸರ ಏನಿಲ್ಲ. ಒಟ್ಟು ನಲವತ್ತು ಹಂತ.”

ಪರದೆ ಬೆಳಗಿತು. ಬಯಲಲ್ಲಿ ಕುದುರೆಯೊಂದು ನಿಂತಿತ್ತು. ಓಡು ಅಂತ ಒತ್ತಿದ. ಕುದುರೆ ಓಡಲಿಲ್ಲ. ಬದಲಿಗೆ ಅದರ ಬಾಯಿಂದ ಒಂದು ಪ್ರಶ್ನೆ ಹೊರಟಿತು: ‘ಹದಿನೇಳನ್ನು ಹತ್ತೊಂಬತ್ತರಿಂದ ಗುಣಿಸಿದರೆ ಎಷ್ಟು?’

“ಉತ್ತರ ಸರಿ ಇದ್ರೆ ಒಂದು ಹೆಜ್ಜೆ ಇಡುತ್ತೆ,” ಮೇಷ್ಟ್ರು ಹೆಮ್ಮೆಯಿಂದ ಪಿಸುಗುಟ್ಟಿದರು. “ಆಟಕ್ಕೆ ಆಟ, ಪಾಠಕ್ಕೆ ಪಾಠ.”

ಮುನ್ನೂರ ಹದಿಮೂರು ಅಂತ ಒತ್ತಿದ. ಕುದುರೆ ಅವನನ್ನೇ ಒಮ್ಮೆ ನೋಡಿ ಕೂತುಬಿಟ್ಟಿತು.

ಏಳು ಗಂಟೆಗೆ ಎರಡನೇ ಹಂತ ಮುಗಿದಿತ್ತು. ಆಫೀಸು ಖಾಲಿಯಾಗುತ್ತಿತ್ತು. ಮೇಷ್ಟ್ರು ಅವನ ಮುಖವನ್ನೇ ನೋಡುತ್ತಿದ್ದರು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹಾಗೆ.

“ಹೇಗಿದೆಯಪ್ಪಾ? ಮುಚ್ಚುಮರೆ ಬೇಡ. ಚೆನ್ನಾಗಿಲ್ಲ ಅಂದ್ರೆ ಇಲ್ಲೇ ಹೇಳಿಬಿಡು, ವಾಪಸ್ ತಗೊಂಡು ಹೋಗ್ತೀನಿ.”

ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಮೇಷ್ಟ್ರ ಕಣ್ಣು ನೋಡಿದ.

“ಚೆನ್ನಾಗಿದೆ ಮೇಷ್ಟ್ರೇ,” ಅಂದ.

“ಕೇಳಿಸ್ತಾ ಮೇಡಂ? ಚೆನ್ನಾಗಿದೆಯಂತೆ!” ಡಂಗುರ ಆಗಲೇ ಕ್ಯಾಮೆರಾ ಹಿಡಿದು ಎದುರಿಗೆ ನಿಂತಿದ್ದ. “ಈ ಕಡೆ ನೋಡಿ ಸಾರ್. ಹೊಸ ಆಟಕ್ಕೆ ಶಿಫಾರಸು ಮಾಡಿದವರ ಫೋಟೋ, ಹೆಸರು, ಫೋನ್ ನಂಬರು ಕೆಳಗೆ ಹಾಕೋದು ನಿಯಮ. ಐದು ವರ್ಷ ಇರುತ್ತೆ, ಸ್ವಲ್ಪ ನಗಿ.”