ಡಾಕ್ಟರ್ ಕ್ರೇಡಕ್ ಹೇಳಿದ ಮಾತು

ರಂಪವೆಲ್ಲ ಶುರುವಾಗಿದ್ದು ಒಂದು ಛತ್ರಿಯಿಂದ. ಅದೂ ನಿಜವಾದ ಛತ್ರಿಯಲ್ಲ, ಪದ್ಯದಲ್ಲಿದ್ದ ಛತ್ರಿ. ಟೋವಾ ಪಯೋ ಬಡಾವಣೆಯ ಟ್ಯೂಷನ್ ಸೆಂಟರೊಂದರಲ್ಲಿ ಸಾಹಿತ್ಯ ಕಲಿಸುವ ಯೋಂಗ್ ಕಿಯಟ್ ಆ ಪದ್ಯದ ಮೇಲೆ ಮಕ್ಕಳಿಗಾಗಿ ಒಂದು ಮಾದರಿ ಪ್ರಬಂಧ ಬರೆದಿದ್ದ. ಸೆಂಟರಿನ ಒಡತಿ ಮೇಡಂ ಪೋ ಬೆಳಿಗ್ಗೆಯೇ ಕೆಂಪು ಪೆನ್ನು ಹಿಡಿದು ಕೂತಿದ್ದಳು.

"'ಛತ್ರಿ ಮಡಿಸಿದ ಮೇಲೂ ಈ ಪದ್ಯದಲ್ಲಿ ಮಳೆ ನಿಂತಿಲ್ಲ.' ಯಾರು ಹೇಳಿದ್ದು ಇದು?"

"ನಾನೇ, ಮೇಡಂ."

"ನೀವ್ಯಾರ್ರೀ ಹೇಳೋಕೆ?" ಸಾಲಿನ ಮೇಲೆ ಕೆಂಪು ಗೀಟು ಬಿತ್ತು. "ಬೇರೆ ಸೆಂಟರ್‌ನವರು ಪ್ಯಾರಾಕ್ಕೊಬ್ಬ ವಿಮರ್ಶಕನ್ನ ಕೂರಿಸ್ತಾರೆ. ಸಾಯಂಕಾಲ ಪೇರೆಂಟ್ಸ್ ಬರ್ತಾರೆ. ಅಷ್ಟರಲ್ಲಿ ಯಾರಾದ್ರೂ ದೊಡ್ಡವರ ಮಾತು ಹಾಕಿ ತನ್ನಿ. ಇಲ್ದಿದ್ರೆ ಸೋಮವಾರದಿಂದ ನೀವು ಬರೋದು ಬೇಡ."

ಪದ್ಯವೋ ತೀರಾ ಹೊಸದು. ಅದರ ಬಗ್ಗೆ ಯಾವ ದೊಡ್ಡವರೂ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಕಿಯಟ್ ಕೆಳಗಿನ ಕಾಫಿ ಅಂಗಡಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತ.

ಪಕ್ಕದ ಮೇಜಿನ ಅಂಕಲ್ ಬೆಂಗ್ ಕೇಳದೆಯೇ ಹಾಳೆ ಎಳೆದುಕೊಂಡ. "ನನ್ನ ಮೊಮ್ಮಗಳ ಗೈಡ್‌ನಲ್ಲಿ ಉಪಮೆಗೊಂದು ಮಾರ್ಕು, ರೂಪಕಕ್ಕೆ ಎರಡು. ಅದನ್ನೇ ತುಂಬ್ಸು, ವಿಮರ್ಶಕ ಯಾಕೆ ಬೇಕು?"

ಬೇರೆ ದಾರಿ ಕಾಣದೆ ಕಿಯಟ್ ತುಂಬಿಸಿದ. ಛತ್ರಿ ಒಮ್ಮೆ ಬಾವಲಿಯಾಯಿತು, ಒಮ್ಮೆ ತಾಯಿಯ ಮಡಿಲಾಯಿತು.

"ಬಾವಲಿ ಮಡಿಲಲ್ಲಿ ಮಲಗೋ ಮಗು ಯಾವುದಪ್ಪಾ ಅದು?" ಎಂದಳು ಅಂಗಡಿಯ ಸ್ವೀ ಲಾನ್ ಆಂಟಿ, ಲೋಟ ಕುಕ್ಕುತ್ತಾ. "ನೋಡು ಟೀಚರ್, ನಿನ್ನ ಮಾತಿಗೇ ಯಾರದೋ ಹೆಸರು ಹಾಕು. ಈ ಕಾಯಾ ಜಾಮ್ ನಾನೇ ಮಾಡೋದು. ದೂರದ ಈಪೋ ಊರಿಂದ ಬಂದಿದ್ದು ಅಂದ್ರೆ ಮಾತ್ರ ಜನ ತಗೋತಾರೆ."

"ಹೆಸರಿನ ಮುಂದೆ ಡಾಕ್ಟರ್ ಇರ್ಲಿ," ಎಂದ ಅಂಕಲ್ ಬೆಂಗ್.

ಮನಸ್ಸಿಗೆ ಹಿಡಿಸದಿದ್ದರೂ ಕಿಯಟ್ ಬಾವಲಿ, ಮಡಿಲು ಎಲ್ಲ ಅಳಿಸಿ, ಗೀಟು ಬಿದ್ದಿದ್ದ ತನ್ನ ಸಾಲಿಗೇ ಉದ್ಧರಣ ಚಿಹ್ನೆ ಹಾಕಿ, ಮುಂದೆ 'ಡಾ. ವಿಲ್ಮಟ್ ಕ್ರೇಡಕ್' ಎಂದು ಬರೆದ. ಅಂಥ ಪ್ರಾಣಿ ಭೂಮಿಯ ಮೇಲೆ ಹುಟ್ಟೇ ಇರಲಿಲ್ಲ.

ಸಾಯಂಕಾಲ ಪೇರೆಂಟ್ಸ್ ಮುಂದೆ ಮೇಡಂ ಪೋ ಆ ಸಾಲನ್ನು ಎರಡೆರಡು ಸಲ ಓದಿದಳು. ತಾಯಂದಿರು ಬರೆದುಕೊಂಡರು. ಮುಂದಿನ ಸಾಲಿನಲ್ಲಿ ಕೂತಿದ್ದ ಪೋಷಕ ಮಿಸ್ಟರ್ ಗ್ವೀ ಕಣ್ಣು ಮುಚ್ಚಿ ತಲೆದೂಗಿದ. "ಕ್ರೇಡಕ್ ಅಂದ್ರೆ ಕ್ರೇಡಕ್ಕೇ. ಅವರ ಭಾಷಣದಲ್ಲಿ ಇದೇ ಮಾತು ಕೇಳಿದ್ದೆ. ಇವತ್ತಿಗೂ ಮೈ ಜುಮ್ಮನ್ನುತ್ತೆ."

"ಹಾಗಾದ್ರೆ ಶನಿವಾರ ಅವರನ್ನೇ ಕರೆಸೋಣ," ಎಂದಳು ಮೇಡಂ ಪೋ. "ಕಿಯಟ್ ಏರ್ಪಾಡು ಮಾಡ್ತಾರೆ."

ಕಿಯಟ್‌ಗೆ ಶನಿವಾರ ಮಾನ ಹೋಗುವುದಕ್ಕಿಂತ ಈಗಲೇ ಹೇಳಿಬಿಡುವುದು ವಾಸಿ ಅನ್ನಿಸಿತು. ಜನ ಇಷ್ಟು ಮೆಚ್ಚಿದ್ದಾರಲ್ಲ ಎಂಬ ಸಣ್ಣ ಹೆಮ್ಮೆಯೂ ಇತ್ತು. ಎದ್ದು ನಿಂತ.

"ಮೇಡಂ, ಆ ಮಾತು ನಂದೇ. ಬೆಳಿಗ್ಗೆ ನೀವೇ ಹೊಡೆದು ಹಾಕಿದ್ರಲ್ಲ, ಅದೇ ಸಾಲು."

ಮಿಸ್ಟರ್ ಗ್ವೀ ನಿಧಾನವಾಗಿ ತಿರುಗಿದ. "ಅವರ ಬಾಯಿಂದಲೇ ನನ್ನ ಕಿವಿಯಾರೆ ಕೇಳಿದೀನಿ. ಅಂಥವರ ಮಾತನ್ನ ನಂದು ಅಂತೀಯಲ್ಲಪ್ಪಾ, ನಾಚಿಕೆ ಆಗಲ್ವಾ?"

"ಮಕ್ಕಳಿಗೆ ಕದ್ದು ಬರೀಬೇಡಿ ಅಂತ ಹೇಳಿಕೊಡೋ ಜಾಗ ಇದು," ಎಂದಳೊಬ್ಬ ತಾಯಿ.

ಕಿಯಟ್ ಎಷ್ಟು ಬಡಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಡಂ ಪೋ ಬಾಗಿಲವರೆಗೆ ಜೊತೆಗೇ ಬಂದು, ಅವನ ಕೈಯಿಂದ ತರಗತಿಯ ಬೀಗದ ಕೈ ಇಸಿದುಕೊಂಡಳು.

"ಸೋಮವಾರದಿಂದ ಬರ್ಬೇಡಿ," ಎಂದಳು. ಆಮೇಲೆ ದನಿ ತಗ್ಗಿಸಿ, "ಹೋಗೋ ಮುಂಚೆ ಕ್ರೇಡಕ್ ಅವರ ಫೋನ್ ನಂಬರ್ ಕೊಟ್ಟು ಹೋಗಿ. ನಿಮ್ಮ ಕ್ಲಾಸು ಅವರೇ ತಗೋತಾರಾ ಕೇಳ್ತೀನಿ."